ಎಡಕ್ಕೆ ವಾಲಿದ ಹೂಜಿ

ಮದುವೆಯಾದ ಆರು ವರ್ಷದಲ್ಲಿ ಅವಳ ಗಂಡ ಒಡೆಯದೆ ಬಿಟ್ಟ ಪಾತ್ರೆ ಎಂದರೆ ಆ ಹಿತ್ತಾಳೆಯ ಹೂಜಿ ಒಂದೇ. ಅದೂ ಕರುಣೆಯಿಂದಲ್ಲ, ಹಿತ್ತಾಳೆ ಒಡೆಯುವುದಿಲ್ಲ ಅಂತ. ಹದಿನೈದು ದಿನದ ಹಿಂದೆ ಪಿತ್ತ ನೆತ್ತಿಗೇರಿ, ಅವಳ ಜುಟ್ಟು ಹಿಡಿದು, ಮುಖವನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಚಚ್ಚಿದ್ದ. ಎಡಗಣ್ಣು ಬದನೆಕಾಯಿಯ ಹಾಗೆ ಊದಿಕೊಂಡಿತ್ತು.

"ಊತ ಇಳಿದ್ರೆ ಎಲ್ಲ ಸರಿಹೋಗತ್ತೆ. ಹೊಟ್ಟೆಗೆ ಹಾಕ್ಕೋ ಕಣಮ್ಮ," ಎಂದಿದ್ದರು ಅತ್ತೆ. ಊತವೇನೋ ಇಳಿಯಿತು.

ವಸ್ತುಸಂಗ್ರಹಾಲಯದ ದಾಖಲೆಗೆ ಹಳೆಯ ಪಾತ್ರೆಗಳ ಚಿತ್ರ ಬರೆಯುವುದು ಅವಳ ಕೆಲಸ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುವಂತಿಲ್ಲ. ಈ ವಾರ ಮೂರು ಹಾಳೆ ವಾಪಸ್ ಬಂದಿದ್ದವು. "ಎಲ್ಲಾ ಎಡಕ್ಕೆ ವಾಲ್ತಿವೆಯಲ್ಲಮ್ಮ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ," ಎಂದಿದ್ದರು ಮೇಲಧಿಕಾರಿ. ಕೈಯೇ ಕೆಟ್ಟುಹೋಯಿತೇನೋ ಎಂದು ಅವಳಿಗೆ ದಿಗಿಲು.

ಭಾನುವಾರ ಮಧ್ಯಾಹ್ನ ಹೂಜಿಯನ್ನು ಮೇಜಿನ ಮೇಲಿಟ್ಟು ಬರೆದಳು. ತೋಳು ನೇರ ಚಾಚಿ, ಬಲಗಣ್ಣು ಮುಚ್ಚಿ, ಪೆನ್ಸಿಲಿನಿಂದ ಅಳೆಯುವುದು ಅವಳ ಹಳೆಯ ರೂಢಿ. ತಪ್ಪಿದ್ದರೆ ಎದ್ದು ಕಾಣಲೆಂದು ಬರೆದದ್ದನ್ನು ಕನ್ನಡಿಗೆ ಹಿಡಿದರೆ ಮತ್ತೆ ಅದೇ ಪಾಡು, ಹೂಜಿ ಕುಡುಕನಂತೆ ವಾಲಿತ್ತು. ದಾರಕ್ಕೊಂದು ನಟ್ಟು ಕಟ್ಟಿ, ಹೂಜಿಯ ಮುಂದೆ ಇಳಿಬಿಟ್ಟು, ಎಡಗಣ್ಣಿನಲ್ಲಿ ನೋಡಿದಳು. ದಾರ ನಡುವೆ ಬಾಗಿತ್ತು. ಭಾರ ಕಟ್ಟಿದ ದಾರ ಎಲ್ಲಾದರೂ ಬಾಗುವುದುಂಟೆ? ಬಲಗಣ್ಣು ಬಿಟ್ಟು ಎಡಗಣ್ಣು ಮುಚ್ಚಿದಳು. ದಾರ ನೆಟ್ಟಗೆ ನಿಂತಿತ್ತು. ಕೈಗೆ ಏನೂ ಆಗಿರಲಿಲ್ಲ. ಆ ಪಾಪಿ ಕಣ್ಣನ್ನೇ ತಿಂದುಹಾಕಿದ್ದ.

"ಮತ್ತೆ ಗೀಚೋಕೆ ಕೂತ್ಯಾ? ಊಟ ಎಲ್ಲೇ?" ಎನ್ನುತ್ತಾ ಗಂಡ ಒಳಗೆ ಬಂದ.

"ನನ್ನ ಕಣ್ಣು ಹಾಳು ಮಾಡಿದೀರಿ. ನೆಟ್ಟಗಿರೋ ದಾರ ಡೊಂಕಾಗಿ ಕಾಣ್ತಿದೆ."

"ಹಾಗಾದ್ರೆ ಇನ್ನೊಂದನ್ನೂ ಸರಿ ಮಾಡ್ತೀನಿ ಬಾ," ಎಂದು ನಕ್ಕು ಸೊಂಟದ ಬೆಲ್ಟು ಬಿಚ್ಚಿದ.

ಮೊದಲ ಏಟಿಗೆ ಕುತ್ತಿಗೆಯ ಚರ್ಮ ಸೀಳಿತು. ಎರಡನೆಯದರ ಬಕಲ್ಲು ಬಲಗಣ್ಣಿನ ಕೆಳಗೇ, ಒಂದು ಬೆರಳಿನ ಅಂತರದಲ್ಲಿ ಬಡಿದು ರಕ್ತ ಚಿಮ್ಮಿಸಿತು. ಉಳಿದಿದ್ದುದು ಅದೊಂದೇ ಕಣ್ಣು. ಅವಳು ಹೂಜಿಯ ಕತ್ತು ಹಿಡಿದೆತ್ತಿದಳು.

"ಎಸಿ ನೋಡೋಣ. ಡೊಂಕು ಕಣ್ಣಿಗೆ ಗುರಿ ಎಲ್ಲಿಂದ ಬರತ್ತೆ?" ಎಂದ ಅವನು, ಅಲುಗಾಡದೆ ನಿಂತು.

ಅವಳು ಎಡಗಣ್ಣು ಮುಚ್ಚಿದಳು. ಹೂಜಿ ಹೋಗಿ ಅವನ ಬಾಯಿಗೇ ಬಡಿಯಿತು. ಹಲ್ಲೆರಡು ನೆಲಕ್ಕೆ ಬಿದ್ದವು, ಹಿಂದೆಯೇ ಅವನೂ ಬಿದ್ದ. ಅವಳು ಹೂಜಿಯನ್ನು ಹೆಕ್ಕಿಕೊಂಡು, ಬೆಲ್ಟು ಬಿಡದ ಆ ಕೈಯ ಮಣಿಕಟ್ಟಿನ ಮೇಲೆ ಮೂಳೆ ಲಟಕ್ಕೆನ್ನುವವರೆಗೂ ಕುಟ್ಟಿದಳು.

ಅತ್ತೆ ಓಡಿಬಂದರು. "ಅಯ್ಯೋ, ಏನಮ್ಮ ಮಾಡ್ಬಿಟ್ಟೆ?"

"ಊತ ಇಳಿದ್ರೆ ಎಲ್ಲ ಸರಿಹೋಗತ್ತೆ, ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ."

ಹೂಜಿಯನ್ನು ಒರೆಸಿ ಮೇಜಿನ ಮೇಲಿಟ್ಟಳು. ತಳ ನೆಗ್ಗಿ ಅದು ಎಡಕ್ಕೆ ವಾಲಿ ನಿಂತಿತು, ಥೇಟ್ ಹಾಳೆಯಲ್ಲಿದ್ದ ಹಾಗೆ. ಚಿತ್ರದಲ್ಲಿ ಈಗ ಒಂದು ತಪ್ಪೂ ಇರಲಿಲ್ಲ. ಅವಳು ಮತ್ತೆ ದಾರ ಎತ್ತಿ ಹಿಡಿದು ಎಡಗಣ್ಣಿನಲ್ಲಿ ನೋಡಿದಳು. ದಾರ ಇನ್ನೂ ಡೊಂಕಾಗಿಯೇ ಇತ್ತು.