ಭಾವನ ದಟ್ಟ ಕೂದಲು

ನನ್ನ ಬೈತಲೆ ಅಗಲವಾಗತೊಡಗಿದಾಗ ಚರ್ಮದ ಡಾಕ್ಟರು ಲೋಷನ್ ಬರೆದುಕೊಟ್ಟರು. ಅಕ್ಕನ ಗಂಡ ರುದ್ರೇಶ್ ಭಾವ ಅದನ್ನು ಬಚ್ಚಲಿಗೆ ಸುರಿದರು.

"ಬರೀ ಕೆಮಿಕಲ್ ಕಣಮ್ಮ. ನಮ್ಮ ಗಿಡಮೂಲಿಕೆ ಮಾತ್ರೆ ತಗೋ."

ಚಾಮರಾಜಪೇಟೆಯ ಅವರ ಅಂಗಡಿಯ ಬೋರ್ಡಿನಲ್ಲಿ ದಟ್ಟ ಕೂದಲಿನ ಅವರದೇ ಫೋಟೊ. ನಂಬಿ ವರ್ಷವಿಡೀ ನುಂಗಿದೆ. ನೆತ್ತಿ ಕಾಣತೊಡಗಿತು.

ಶಿವರಾತ್ರಿಯ ದಿನ ವಿಭೂತಿಗಟ್ಟಿ ತರಲು ಅಕ್ಕ ನನ್ನನ್ನು ಭಾವನ ಬೀರುವಿಗೆ ಕಳಿಸಿದಳು. ವಿಭೂತಿಯ ಹಿಂದೆ ಅದೇ ಲೋಷನ್, ಅರ್ಧ ಖಾಲಿಯಾಗಿತ್ತು.

ಬಾಟಲಿ ಹಿಡಿದು ನೇರ ಅಂಗಡಿಗೆ ನಡೆದೆ. ಒಬ್ಬ ಹುಡುಗಿ ಮಾತ್ರೆ ಕೊಳ್ಳುತ್ತಿದ್ದಳು.

"ಮೆಲ್ಲಗೆ, ಗಿರಾಕಿ ಇದಾರೆ," ಎಂದರು ಭಾವ, ನನ್ನ ಕೈಯ ಬಾಟಲಿ ನೋಡಿ.

"ಇವರ ಕೂದಲು ನೋಡಿ ತಗೋತಿದೀಯೇನಮ್ಮ?" ಬಾಟಲಿಯನ್ನು ಅವಳ ಮುಂದೆ ಕುಕ್ಕಿದೆ. "ಇವರು ಹಚ್ಕೊಳ್ಳೋದು ಇದನ್ನ. ಇವರ ಮಾತ್ರೆ ನುಂಗಿದ ತಲೆ ಇಲ್ಲಿದೆ, ನೋಡು."

ನೆತ್ತಿ ಮುಚ್ಚಿದ್ದ ಸೆರಗು ಸರಿಸಿ ತಲೆ ಬಗ್ಗಿಸಿದೆ.