ದನಿ ಹಿಡಿಯುವವರು

ನನ್ನ ದನಿ ಮೈಕಿಗೆ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಅಂಗಡಿಯೆಲ್ಲ ಸುಮ್ಮನಾಗಿತ್ತು.

ಗುಂಡ್ಲುಪೇಟೆಯಲ್ಲಿ ಅಪ್ಸರ್ ಪಾಷಾ ಅವರದು ಶಾಮಿಯಾನ, ಸೌಂಡ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೆ ಹೋದ ಮೈಕು, ಸ್ಪೀಕರುಗಳು ಭಾನುವಾರ ಸಂಜೆ ವಾಪಸು ಬರುತ್ತವೆ. ಒಂದೊಂದನ್ನೂ ಪರೀಕ್ಷೆ ಮಾಡಿಯೇ ಪೆಟ್ಟಿಗೆಗೆ ಹಾಕಬೇಕು. ಹಲೋ ಹಲೋ ಎಂದು ಕೂಗಿ ಕೂಗಿ ಬೇಜಾರಾಗಿ, ಪಾಷಾ ಒಂದು ಸಲ ದಾರಿಯಲ್ಲಿ ಹೋಗುವವರನ್ನು ಕರೆದು ಹಾಡಿಸಿದರಂತೆ. ಅಲ್ಲಿಂದ ಶುರುವಾದದ್ದು ಈಗ ಊರವರ ಬಾಯಲ್ಲಿ ಪಾಷಾ ಕ್ಲಬ್ಬಾಗಿದೆ. ಆರ್ಕೆಸ್ಟ್ರಾ ಬಿಟ್ಟವರು, ಹೂವಿನ ವ್ಯಾಪಾರದವರು, ಕೇರಳಕ್ಕೆ ಹೋಗುವ ಲಾರಿ ಡ್ರೈವರುಗಳು, ಯಾರು ಬಂದರೂ ಒಂದು ಹಾಡು ಹೇಳಬೇಕು. ಪಾಷಾರ ಹೆಂಡತಿ ಸಾಬೀರಾ ಢೋಲಕ್ ಬಾರಿಸುತ್ತಾಳೆ. ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿರುವ ಸೋಮೇಶ್ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಹೆಚ್ಚು ಹಾಡುತ್ತಾನೆ.

ನಾನು ಹರಿದ ಶಾಮಿಯಾನ ಹೊಲಿಯುವವಳು. ಹಿಂದೆ, ಬಟ್ಟೆ ರಾಶಿಯ ಪಕ್ಕ ಕೂತು ಕೇಳುತ್ತಿದ್ದೆ. ನನಗೂ ಒಂದು ಲೋಟ ಟೀ ಬರುತ್ತಿತ್ತು. ಒಂದು ವಾರ ಹೋಗದಿದ್ದರೆ ಈರಕ್ಕ ಎಲ್ಲಿ ಎಂದು ಕೇಳುವವರು ಆ ಊರಿನಲ್ಲಿ ಕ್ಲಬ್ಬಿನವರು ಮಾತ್ರ. ಹಾಡು ಅಂದರೆ ಮಾತ್ರ ತಲೆ ಅಲ್ಲಾಡಿಸಿಬಿಡುತ್ತಿದ್ದೆ. ಯಾಕೆ ಅಂತ ಹೇಳಿರಲಿಲ್ಲ. ಹೇಳಿದರೆ ಆ ಟೀಯೂ ನಿಂತುಹೋದೀತು ಎಂಬ ಭಯ.

ಆ ಭಾನುವಾರ ಹೊಲಿಯುತ್ತ ಹೊಲಿಯುತ್ತ ಒಂದು ಸೋಬಾನೆ ಗುನುಗಿಕೊಂಡಿದ್ದೇನೆ. ಪಕ್ಕದಲ್ಲಿ ಬಿದ್ದಿದ್ದ ವೈರಿಲ್ಲದ ಮೈಕನ್ನು ಯಾರೂ ಆರಿಸಿರಲಿಲ್ಲ. ನನ್ನ ಪದ ಬೀದಿಯ ತನಕ ಕೇಳಿತು. ತಲೆ ಎತ್ತಿದರೆ ಎಲ್ಲರ ಮುಖವೂ ನನ್ನ ಕಡೆಗೆ. ಸೋಮೇಶ್ ಬಂದು ನನ್ನ ಕಾಲು ಮುಟ್ಟಿದ.

"ಇದ್ನ ಯಾಕಜ್ಜಿ ಇಷ್ಟ್ ದಿನ ಬಚ್ಚಿಟ್ಕಂಡಿದ್ದೆ?" ಎಂದ.

ಅವನ ತಲೆಯ ಮೇಲೆ ಕೈಯಿಡಲು ನನಗೆ ಧೈರ್ಯ ಬರಲಿಲ್ಲ. ಅವನು ನಗುತ್ತ ಬೈಕು ಹತ್ತಿ ಕಾಡಿನ ಕಡೆ ಹೊರಟ. ಮುಂದಿನ ಭಾನುವಾರ ಅವನು ಬರಲಿಲ್ಲ.

ಸೋಬಾನೆಯನ್ನು ಒಬ್ಬಳೇ ಹಾಡುವುದಿಲ್ಲ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನು ಹಿಡಿಯುತ್ತಾರೆ. ನಾನು ಹುಟ್ಟಿ ಬೆಳೆದ ಹರದನಹಳ್ಳಿಯಲ್ಲಿ ಎತ್ತುವವಳು ನಾನಾಗಿದ್ದೆ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಹಸೆಯ ಮುಂದೆ ಕೂತು ಎತ್ತಿದೆ. ಮೈಯ ಅರಿಶಿನ ಮಾಸುವ ಮೊದಲೇ ಅವಳ ಗಂಡನಿಗೆ ಹೊಲದಲ್ಲಿ ಸಿಡಿಲು ಬಡಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ಮುಂದಿನ ಮದುವೆಯಲ್ಲಿ ನಾನು ಸೊಲ್ಲು ಎತ್ತಿದಾಗ ಯಾರೂ ಹಿಡಿಯಲಿಲ್ಲ, ಅಷ್ಟೆ. ಹೆಂಗಸರೆಲ್ಲ ಎಲೆಗೆ ಸುಣ್ಣ ಹಚ್ಚುತ್ತ ಕೂತರು. ನನ್ನ ದನಿ ಚಪ್ಪರದೊಳಗೆ ಒಂಟಿಯಾಗಿ ನಿಂತಿತು. ಆಮೇಲೆ ನನಗೂ ಗಂಡು ಕೂಡಿಬರಲಿಲ್ಲ. ಹೊಲಿಗೆ ಕಲಿತುಕೊಂಡು ಊರು ಬಿಟ್ಟೆ.

ಸೋಮೇಶನಿಗೆ ಫೋನು ಹೋಗುತ್ತಿರಲಿಲ್ಲ. ಕಾಡೊಳಗೆ ಸಿಗ್ನಲ್ ಇರುವುದಿಲ್ಲ ಎಂದು ಕ್ಲಬ್ಬಿನವರು ಸುಮ್ಮನಿದ್ದರು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಊಟಿ ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಅದು ಯಾವ ಕಡೆಗೆ ಹೋಯಿತು ಎಂದು ಬಾಗಿಲಿಗೆ ಬಂದು ನೋಡುತ್ತಿದ್ದೆ. ಅಂಗಡಿಗೆ ಹೋಗುವುದನ್ನು ಬಿಟ್ಟೆ.

ಸಾಬೀರಾ ಮನೆಗೇ ಬಂದಳು. ಇನ್ನು ಮುಚ್ಚಿಡಲಾಗದೆ ಎಲ್ಲ ಹೇಳಿಬಿಟ್ಟೆ. ಈಗ ಎದ್ದು ಹೋಗುತ್ತಾಳೆ, ಈಗ ಹೋಗುತ್ತಾಳೆ ಎಂದು ಅವಳ ಚಪ್ಪಲಿಯನ್ನೇ ನೋಡುತ್ತಿದ್ದೆ. ಕೊನೆಗೆ ಅವಳು ಕೇಳಿದ್ದು, ಅದಕ್ಕೂ ಮೊದಲು ನಾನು ಹಾಡಿದ ಮದುವೆಗಳ ಗಂಡಂದಿರೆಲ್ಲ ಏನಾದರು ಎಂದು. ಚೆನ್ನಾಗಿಯೇ ಇದ್ದರು. ಅದು ನನಗೂ ಗೊತ್ತಿತ್ತು. ಆದರೆ ಭಯಕ್ಕೆ ಲೆಕ್ಕ ಬರುವುದಿಲ್ಲ.

ಅಷ್ಟರಲ್ಲಿ ಪಾಷಾ ಅವರಿಂದ ಅವಳಿಗೆ ಫೋನು ಬಂತು. ಸೆಟ್ಟು ಹಾಕಲು ತೆರಕಣಾಂಬಿಗೆ ಹೋದ ಅಂಗಡಿಯ ಹುಡುಗರಿಗೆ ಸುದ್ದಿ ಸಿಕ್ಕಿತ್ತು. ಸೋಮೇಶನ ಮನೆ ಅಲ್ಲೇ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಫೋನೂ ಒಡೆದುಹೋಗಿದೆ. ಬಿದ್ದದ್ದು ಯಾವಾಗ ಎಂದು ಕೇಳು ಅಂದೆ. ಕೇಳಿದಳು. ನನ್ನ ಪದ ಕೇಳಿ ಹೊರಟ ಸಂಜೆಯೇ.

ನಾನು ಗೋಡೆ ಹಿಡಿದು ಕೂತೆ. ಸಾಬೀರಾಳ ಮುಖವೂ ಒಂದು ಗಳಿಗೆ ಬಿಳಿಚಿಕೊಂಡಿತು. ಅದನ್ನು ನಾನು ನೋಡಿದೆ. ಆಮೇಲೆ ಅವಳು ನನ್ನ ಸೆರಗು ಸರಿಮಾಡಿ, "ನಡಿ ಈರಕ್ಕ, ನೋಡ್ಕಂಡ್ ಬರನ," ಎಂದಳು.

ಪಾಷಾ ತಮ್ಮ ಗೂಡ್ಸ್ ಆಟೋದಲ್ಲಿ ನಮ್ಮನ್ನು ಕರೆದುಕೊಂಡು ಹೋದರು. ಢೋಲಕ್ ಹಿಂದೆ ಉರುಳಾಡುತ್ತಿತ್ತು. ಸೋಮೇಶ್ ಕಟ್ಟು ಹಾಕಿದ ಕಾಲು ಚಾಚಿ ಮಂಚದ ಮೇಲಿದ್ದ. ಅವನ ಹೆಂಡತಿ ನಾಗಲಕ್ಷ್ಮಿ ತುಂಬು ಬಸುರಿ. ನಾನು ಹೊಸಿಲು ದಾಟಲಿಲ್ಲ. ಹೊರಗೆ ನಿಂತೇ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದು ಕೈಮುಗಿದೆ.

ಸೋಮೇಶ್ ನಕ್ಕ. "ಕಾಡಂದಿ ಅಡ್ಡ ಬಂತು ಕಣಜ್ಜಿ. ಅದ್ಕೂ ನಿನ್ ಪದ ಕೇಳ್ಸಿತ್ತಾ?"

ನಾಗಲಕ್ಷ್ಮಿ ನಗಲಿಲ್ಲ. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಹಿಂದಕ್ಕೆ ಹೋಗಿಬಿಡೋಣ ಎಂದು ನಾನು ತಿರುಗಿದೆ.

"ನಿಂತ್ಕಳವ್ವ," ಎಂದಳು ಅವಳು. "ಇವತ್ತು ನಂಗೆ ಬಳೆ ತೊಡ್ಸೋ ದಿನ. ಮನೇಲಿ ಪೆಟ್ಟಾಗ್ಯದೆ, ಶಕುನ ಸರಿಯಿಲ್ಲ ಅಂತ ಒಬ್ರೂ ಬರ್ಲಿಲ್ಲ. ನೀವಾದ್ರೂ ಬಂದ್ರಲ್ಲ. ಹೆದ್ರಿಕೆ ನಂಗೂ ಅದೆ. ಒಂದ್ ಪದ ಎತ್ತು."

ಹೊಟ್ಟೆಯೊಳಗಿನ ಕೂಸಿನ ಮುಂದೆ ನನ್ನ ಬಾಯಿ ತೆರೆಯುವುದು ಹೇಗೆ ಎಂದು ಸಾಬೀರಾಳ ಕಿವಿಯಲ್ಲಿ ಕೇಳಿದೆ.

"ನಾವೆಲ್ಲ ಹಿಡೀತೀವಿ," ಎಂದಳು ಅವಳು. "ಎಲ್ರ ಬಾಯಲ್ಲೂ ಬಂದ್ಮೇಲೆ, ಯಾರ ಬಾಯಿ ಕೆಟ್ಟದ್ದು ಅಂತ ಅದೆಂಗೆ ಹುಡುಕ್ತರೆ ನೋಡನ."

ನನ್ನನ್ನು ಒಳಗೆ ಕರೆದು ಚಾಪೆ ಹಾಸಿದರು. ತವರಿನಲ್ಲಿ ಬಳೆ ವ್ಯಾಪಾರ ನೋಡಿ ಬೆಳೆದ ಸಾಬೀರಾ ತಾನೇ ನಾಗಲಕ್ಷ್ಮಿಯ ಕೈ ಹಿಡಿದು ಹಸಿರು ಬಳೆ ಏರಿಸಿದಳು. ಒಂದೂ ಒಡೆಯದಿರಲಿ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಢೋಲಕ್ ತೊಡೆಗೇರಿಸಿಕೊಂಡು ಅವಳು ನನ್ನ ಕಡೆ ನೋಡಿದಳು.

ಕಣ್ಣು ಮುಚ್ಚಿ ಎತ್ತಿದೆ. ಹಸಿರು ಬಳೆ ತಂದೀವಿ, ಕೈ ನೀಡೆ ತಂಗ್ಯವ್ವ.

ಸೊಲ್ಲು ಮುಗಿಯಿತು. ಮನೆಯೊಳಗೆ ಸದ್ದಿಲ್ಲ. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಹರದನಹಳ್ಳಿಯ ಚಪ್ಪರ, ಸುಣ್ಣ ಹಚ್ಚುವ ಬೆರಳುಗಳು, ಎಲ್ಲ ಕಣ್ಣ ಮುಂದೆ ಬಂದು ನಿಂತವು.

ಆಗ ಸಾಬೀರಾ ಹಿಡಿದಳು. ಧಾಟಿ ಸರಿಯಿರಲಿಲ್ಲ, ಅವರ ಕಡೆಯ ಮದುವೆ ಹಾಡಿನ ಎಳೆತ ಅದರಲ್ಲಿತ್ತು. ಅವಳ ಹಿಂದೆ ಮಂಚದಿಂದ ಸೋಮೇಶ್, ಬಾಗಿಲಿಂದ ಪಾಷಾ. ಕೊನೆಗೆ ತಗ್ಗಿದ ದನಿಯಲ್ಲಿ ನಾಗಲಕ್ಷ್ಮಿಯೂ ಸೇರಿದಳು, ತನ್ನ ಬಳೆಯ ಪದ ತಾನೇ ಹಾಡುವುದು ಎಲ್ಲೂ ಇಲ್ಲದಿದ್ದರೂ.

ಅವಳಿಗೆ ಇನ್ನೂ ಹೆರಿಗೆಯಾಗಿಲ್ಲ. ಈಗ ಮತ್ತೆ ಭಾನುವಾರ ಅಂಗಡಿಯಲ್ಲಿ ಕೂರುತ್ತೇನೆ. ಫೋನು ಸದ್ದಾದರೆ ನನ್ನ ಕೈಯ ಸೂಜಿ ನಿಂತುಬಿಡುತ್ತದೆ. ಪಕ್ಕದಲ್ಲಿ ಸಾಬೀರಾಳ ಕೈಯೂ ಢೋಲಕ್ಕಿನ ಮೇಲೆ ನಿಲ್ಲುತ್ತದೆ. ಅದು ಬೇರೆ ಯಾರದೋ ಫೋನೆಂದು ಗೊತ್ತಾದ ಮೇಲೆ ಅವಳು ಮೈಕು ನನ್ನ ಕಡೆ ತಳ್ಳುತ್ತಾಳೆ.