ಶ್ರುತಿ ಗಂಗಪ್ಪ

"ಹಗರಿಬೊಮ್ಮನಹಳ್ಳಿ ಮಂದಿನೂ ಬರಂಗಿಲ್ಲಂತ ಮಾವ, ಹಡಗಲಿಯವ್ರೂ ಇಲ್ಲ," ಎಂದ ಗುರುಮೂರ್ತಿ, ಡೋಲಿನ ಹಗ್ಗ ಬಿಗಿಯುತ್ತ, ತಲೆ ಎತ್ತದೆ. "ಇವತ್ತ ಎಲ್ಲಾ ಕಡಿ ಲಗ್ನ. ಶ್ರುತಿ ಹಿಡಿಯೋನು ಒಬ್ಬನೂ ಸಿಗವಲ್ಲ."

ಓಬಳೇಶಪ್ಪ ಬಾಯಲ್ಲಿ ನೆನೆಹಾಕಿಕೊಂಡಿದ್ದ ಸನಾದಿಯ ಓಲೆ ನಾಲಿಗೆಯನ್ನು ಹೊರಗೆ ತೆಗೆದ. ಎದುರಿನ ಗೋಡೆಗೆ ಗಂಗಪ್ಪನನ್ನು ಒರಗಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ ಕೂರಿಸಿದ್ದರು. ಮೂವತ್ತೊಂದು ವರ್ಷ ಓಬಳೇಶಪ್ಪನ ಎಡಕ್ಕೆ ಕುಳಿತೇ ಇದ್ದವನು ಅವನು. ಇವನು ಹಾಡು ಊದಿದರೆ ಅವನದು ಕೆಳಗಿನ ಒಂದೇ ಸ್ವರ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಲ್ಲಿ ಉಸಿರೆಳೆಯುತ್ತ, ಆ ಸ್ವರವನ್ನು ಕಡಿಯದಂತೆ ತಾಸುಗಟ್ಟಲೆ ಹಿಡಿದಿರುತ್ತಿದ್ದ. ಕೊಟ್ಟೂರಿನಲ್ಲಿ ಎಷ್ಟು ಹೆಣಗಳಿಗೆ ಹಾಗೆ ಹಿಡಿದಿದ್ದನೋ ಲೆಕ್ಕವಿಲ್ಲ. ಈಗ ಅವನೇ ಶ್ರುತಿಯಿಲ್ಲದೆ ಹೋಗಬೇಕಾಗಿತ್ತು.

"ಭಜನಿ ಮಂದಿ ಹತ್ರ ಬ್ಯಾಟರಿ ಶ್ರುತಿಪೆಟ್ಟಿಗಿ ಐತಿ. ತರ್ಲೇನು?"

"ಅವನ ಮುಂದ ಬ್ಯಾಟರಿ ಒದರಿಸ್ತಿಯೇನಲೇ?"

"ಮತ್ತೇನ ಮಾಡೋದು ಹೇಳು ಮಾವ."

ಓಬಳೇಶಪ್ಪ ಓಲೆ ನಾಲಿಗೆಯನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಹೆಣದ ಬಳಿ ಕುಳಿತ ಓಣಿಯ ಹೆಂಗಸರಲ್ಲಿ ಕರಿಯಕ್ಕ ಮೂಗು ಒರೆಸಿಕೊಂಡಳು. "ನಮ್ಮ ಹುಡುಗಿ ಲಗ್ನದಾಗ ನಾನ ಕೇಳಿದ್ದೆ. ಯಾಕೋ ಗಂಗಪ್ಪ, ಬಂದಾಗಿಂದ ಬರೇ ಕುಂಯ್ ಅನ್ನಿಸ್ತಿ, ಊದಾಕ ಯಾವಾಗ ಶುರು ಮಾಡ್ತಿ ಅಂತ."

"ಸತ್ತವನ ಮುಂದ ಅದೇನ ಮಾತವ್ವ," ಎಂದು ಜಂಬಕ್ಕ ಗದರಿಕೊಂಡಳು.

"ಬದುಕಿದ್ದಾಗ ಮುಖದ ಮ್ಯಾಲೇ ಕೇಳೀನಿ. ನಕ್ಕಿದ್ದ, ಪಾಪ. ಅವನಿಗೆ ಯಾರ ಏನಂದ್ರೂ ನಗೂದ."

ನಗುವುದೇ ನಿಜ. ಓಬಳೇಶಪ್ಪನೂ ಒಂದು ಮಾತು ಅಂದಿದ್ದ.

*

ಅದು ನಾಲ್ಕು ವರ್ಷದ ಹಿಂದೆ, ಎರಡು ಸಾವಿರದ ಮೂರರಲ್ಲಿ. ಹೊಸಪೇಟೆಗೆ ಸ್ಲೊವೇನಿಯಾ ಎಂಬ ದೇಶದಿಂದ ಊದುವವರ ಮೇಳವೊಂದು ಬಂದಿತ್ತು. ಅವರಿಗೆ ಈ ಸೀಮೆಯ ವಾದ್ಯ ಕೇಳಿಸಲೆಂದು ಇವರನ್ನೂ ಕರೆಸಿದ್ದರು. ಇವರದು ಮುಗಿದ ಮೇಲೆ ಅವರು ಕುಳಿತರು. ಐದೇ ಜನ, ಡೋಲಿಲ್ಲ, ತಾಳವಿಲ್ಲ. ಕೊಳಲು, ನಮ್ಮ ಸನಾದಿಯ ಅಕ್ಕನಂಥದೊಂದು, ಕ್ಲಾರಿಯೋನೆಟ್ಟು, ಸುರುಳಿ ಸುತ್ತಿದ ಕೊಂಬು, ಕೊನೆಗೆ ಆಳೆತ್ತರದ ಮರದ ಕೊಳವೆ. ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬ ಅರ್ಧಕ್ಕೇ ಎತ್ತಿಕೊಳ್ಳುವನು, ಮೂರನೆಯವಳು ನಡುವೆ ಬಾಯಿ ಹಾಕುವಳು. ಸಂತೆಗೆ ಹೊರಟ ಓರಗಿತ್ತಿಯರು ದಾರಿಯುದ್ದಕ್ಕೂ ಮಾತಾಡಿದ ಹಾಗೆ.

ಮರದ ಕೊಳವೆಯ ಗಡ್ಡದವನು ಮಾತ್ರ ಕೆಳಗೆ ಗುಂಯ್ ಎನ್ನಿಸುತ್ತಿದ್ದ. ಗಂಗಪ್ಪ ಮೊಣಕೈಯಲ್ಲಿ ತಿವಿದು, "ಅವನೂ ನನ್ನಂಗ ಶ್ರುತಿಯವನ," ಎಂದ. ಅಂದು ಬಾಯಿ ಮುಚ್ಚುವುದರೊಳಗೆ ಗಡ್ಡದವನು ಹಾಡು ಎತ್ತಿಕೊಂಡ. ಉಳಿದ ನಾಲ್ವರೂ ದನಿ ಇಳಿಸಿ, ಅವನಿಗೆ ಒಂದೇ ಸ್ವರ ಹಿಡಿದು ಕುಳಿತರು. ಗಂಗಪ್ಪ ಆಮೇಲೆ ಅಲುಗಾಡಲಿಲ್ಲ.

ತಿರುಗಿ ಬರುವಾಗ, ಬಸ್ಸು ಕೂಡ್ಲಿಗಿ ದಾಟಿದ ಮೇಲೆ ಬಾಯಿ ಬಿಟ್ಟ. "ನಾಕೂ ಮಂದಿ ಅವನಿಗೆ ಶ್ರುತಿ ಹಿಡಿದ್ರಲ್ಲೋ ಓಬಳೇಶ." ಇವನ ಕಡೆ ತಿರುಗಿ, "ನನಗೂ ಒಂದ ಹಾಡು ಕಲಿಸ್ತಿಯೇನಲೇ? ಒಂದ ಸಾಕು," ಎಂದ.

"ನೀ ಹಾಡಾಕ ಕುಂತ್ರ ಶ್ರುತಿ ನಿಮ್ಮಪ್ಪ ಬಂದು ಹಿಡೀತಾನೇನು?"

ಹಿಂದಿನ ಸೀಟಿನವರೂ ನಕ್ಕರು. ಗಂಗಪ್ಪನೂ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

*

ಹೊತ್ತು ಇಳಿಯತೊಡಗಿತ್ತು. "ಎತ್ರಪ್ಪ ಇನ್ನ," ಎಂದು ಹಿರಿಯರು ಅವಸರ ಮಾಡಿದರು. ಗಂಗಪ್ಪನ ಹೆಂಡತಿ ಜೋಗಮ್ಮ ಒಳಗಿನಿಂದ ಬಟ್ಟೆಯ ಚೀಲ ತಂದು ಓಬಳೇಶಪ್ಪನ ಮಡಿಲಲ್ಲಿ ಇಟ್ಟಳು.

"ಅವರದು. ನೀನ ಇಟ್ಕೋ ಅಣ್ಣ."

ಶ್ರುತಿಯ ಕೊಳವೆ ನೋಡಲು ಸನಾದಿಯಂತೆಯೇ. ಒಂದೇ ಸ್ವರ ಸಾಕೆಂದು ಅದರ ತೂತುಗಳಿಗೆ ಮೇಣ ಮೆತ್ತಿ ಮುಚ್ಚಿರುತ್ತಾರೆ. ಓಬಳೇಶಪ್ಪ ಚೀಲದಿಂದ ಎಳೆದು ನೋಡಿದರೆ ಏಳೂ ತೂತು ಬಾಯ್ದೆರೆದುಕೊಂಡಿದ್ದವು. ಅಂಚುಗಳು ಬೆರಳಾಡಿ ಆಡಿ ನುಣುಪಾಗಿದ್ದವು.

"ಮೇಣ ಎಲ್ಲಿ ಹೋತು ಜೋಗವ್ವ?"

"ಕೆರದು ತಗೀತಿದ್ರಲ್ಲ. ನೀವು ಕರದಾಗ ಹಚ್ಕೊಂಡು ಬರೋರು, ಬಂದ ಮ್ಯಾಲೆ ಕೆರಿಯೋರು. ಕೆರಿ ಹಿಂದ ಕುಂತು ಊದೋರು." ಅವಳು ಅವನ ಮುಖ ನೋಡಿದಳು. "ನಿನಗ ಹೇಳಿರ್ಲಿಲ್ಲೇನು?"

"ಏನ ಊದತಿದ್ದ?"

"ನನಗೇನ ತಿಳೀತೈತಿ? ನಿಮ್ಮ ಲಗ್ನದ ಹಾಡಿನಂಗ ಇರ್ಲಿಲ್ಲ. ಉದ್ದಕ ಹೋಗತಿತ್ತು. ಓಬಳೇಶಗ ಒಂದ ಸಲ ಕೇಳಿಸ್ಬೇಕು ಅಂತಿದ್ರು, ಅವ ನಗದಂಗ ಊದಾಕ ಬಂದ ಮ್ಯಾಲೆ."

"ಯಾರರ ಕೇಳ್ಯಾರೇನು? ಒಂಚೂರು ಅಂದು ತೋರಿಸಾಕ ಬರ್ತದೇನು ನಿನಗ?"

ಜೋಗಮ್ಮ ಬಾಯಿ ತೆರೆದಳು. ತಲೆಯಲ್ಲಾಡಿಸಿ ಸೆರಗು ಕಚ್ಚಿಕೊಂಡಳು.

ಗುರುಮೂರ್ತಿ ಎದ್ದು ಬಂದ. "ಮೇಣ ಕಾಸಿ ತರ್ತೀನಿ ಮಾವ, ಎರಡ ನಿಮಿಷ."

"ಬ್ಯಾಡ."

"ತೂತು ಮುಚ್ಚಬೇಕಲ್ಲ."

"ಬ್ಯಾಡ ಅಂದ್ನಿ."

ಓಬಳೇಶಪ್ಪ ತನ್ನ ಸನಾದಿಯನ್ನು ತಾನು ಕುಳಿತಿದ್ದ ಕಟ್ಟೆಯ ಮೇಲೇ ಬಿಟ್ಟ. ಏಳು ತೂತುಗಳಿಗೆ ಏಳು ಬೆರಳಿಟ್ಟು ಒತ್ತಿ ಹಿಡಿದು, ಅಷ್ಟರಲ್ಲಿ ಗಂಗಪ್ಪನನ್ನು ಏರಿಸಿದ್ದ ಸಿದಿಗೆಯ ಮುಂದೆ ಹೋಗಿ ನಿಂತು ಊದಿದ. ಆ ಒಂದೇ ಸ್ವರ ಹೊರಟಿತು. ನಾಲ್ವರು ಹೆಗಲು ಕೊಟ್ಟರು, ಡೋಲು ಬಿತ್ತು.

ಹದಿನೈದು ಹೆಜ್ಜೆಗೆ ಎದೆ ಬರಿದಾಯಿತು. ಕೆನ್ನೆ ತುಂಬಿಕೊಂಡು ಮೂಗಿನಲ್ಲಿ ಎಳೆಯಲು ನೋಡಿದ, ಹಾಡು ಊದುವ ಅವನಿಗೆ ಆ ವಿದ್ಯೆ ಎಂದೂ ಬೇಕಾಗಿರಲಿಲ್ಲ. ಸ್ವರ ಕಡಿಯಿತು. ವಾದ್ಯ ನಿಂತರೆ ಹೆಣ ನಿಲ್ಲಬೇಕು, ಅದು ಆ ಓಣಿಯ ರೂಢಿ. ಹೊತ್ತವರು ನಿಂತರು.

ಮತ್ತೆ ಊದಿದ. ಹತ್ತು ಹೆಜ್ಜೆ. ಮತ್ತೆ ಕಡಿಯಿತು. ಮತ್ತೆ ನಿಂತರು.

"ಹಾಡು ಯಾವಾಗ ಊದ್ತಾನ?" ಹಿಂದಿನಿಂದ ಕರಿಯಕ್ಕ ಪಿಸುಗುಟ್ಟಿದಳು.

ರಸ್ತೆಗೆ ಬರುವಷ್ಟರಲ್ಲಿ ಅವನ ತುಟಿ ಒಡೆದಿತ್ತು. ಹರಪನಹಳ್ಳಿ ಬಸ್ಸು ಹಿಂದೆ ಬಂದು ನಿಂತಿತು. ಡ್ರೈವರ್ ಒಮ್ಮೆ ಹಾರ್ನ್ ಒತ್ತಿ, ಇಣುಕಿ ನೋಡಿ, ಇಂಜಿನ್ ಆರಿಸಿದ. ಸುಡುಗಾಡು ಇನ್ನೂ ಹಳ್ಳದ ಆಚೆಗಿತ್ತು. ಸಿದಿಗೆ ಹೊತ್ತ ನಾಲ್ವರೂ ಬಲಗಾಲು ಮುಂದಿಟ್ಟು, ಓಬಳೇಶಪ್ಪನ ಕೆನ್ನೆ ಉಬ್ಬುವುದನ್ನೇ ಕಾಯುತ್ತ ನಿಂತಿದ್ದರು.